ಯುರೋಪು–ಚೀನಾ ಸುಂಕದ ಜಗಳದ ಸುದ್ದಿ ಓದೋದು ಹೇಗೆ, ಶ್ರೀನಿವಾಸಪುರದಲ್ಲಿ ಕೂತು

2025ರ ಜೂನ್ ನೆನಪಿದೆಯಾ? ಕೋಲಾರ ಜಿಲ್ಲೆಯ ನಮ್ಮ ಶ್ರೀನಿವಾಸಪುರದ ಕಡೆ ತೋತಾಪುರಿ ಮಾವು ಕೊಯ್ಲಿಗೆ ಬಂದಿತ್ತು. ಜೂನ್ 7ರಂದು ಪಕ್ಕದ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಒಂದು ಆದೇಶ ಹೊರಡಿಸಿತು. ಬೇರೆ ರಾಜ್ಯದ ತೋತಾಪುರಿ ಜಿಲ್ಲೆಯೊಳಗೆ ಬರುವ ಹಾಗಿಲ್ಲ ಅಂತ. ಗಡಿಯ ಚೆಕ್‌ಪೋಸ್ಟ್‌ಗಳಲ್ಲಿ ಪೊಲೀಸರು, ಕಂದಾಯದವರು ನಿಂತರು. ಜೂನ್ 11ಕ್ಕೆ ಸಿದ್ದರಾಮಯ್ಯನವರು ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ಊರಲ್ಲಿ ಬೈಗುಳ ಸುರಿಯಿತು. ಅತ್ತ ಚಿತ್ತೂರಿನವರ ಮಾತೂ ಸುಳ್ಳೇನಲ್ಲ: ತಮ್ಮ ರೈತರಿಗೆ ಕೆಜಿಗೆ 12 ರೂಪಾಯಿ ಸಿಗಲಿ ಅಂತ ಹಣ್ಣಿನ ತಿರುಳು (ಪಲ್ಪ್) ತೆಗೆಯುವ ಫ್ಯಾಕ್ಟರಿ 8, ಸರ್ಕಾರ 4 ಕೊಡುವ ಲೆಕ್ಕ ಮಾಡಿಕೊಂಡಿದ್ದರು. ಆಚೆಯಿಂದ ಅಗ್ಗದ ಹಣ್ಣು ನುಗ್ಗಿದರೆ ಆ ಲೆಕ್ಕ ನಿಲ್ಲುತ್ತಾ?

ಇದು ನಿಮಗೆ ಅರ್ಥವಾಗಿದ್ದರೆ ಬ್ರಸೆಲ್ಸ್ ಮತ್ತು ಬೀಜಿಂಗ್ ನಡುವಿನ ಜಗಳದ ಅರ್ಧ ಅರ್ಥವಾದ ಹಾಗೆ. ಇನ್ನರ್ಧಕ್ಕೆ ಸ್ವಲ್ಪ ಕೆಲಸ ಇದೆ. ನಮ್ಮಕ್ಕನ ಮಗ ಕೋಲಾರದಲ್ಲಿ ಡಿಗ್ರಿ ಮುಗಿಸಿ ಪರೀಕ್ಷೆಗಳಿಗೆ ಓದುತ್ತಿದ್ದಾನೆ. ಅವನು ಒಂದು ದಿನ ಪೇಪರ್ ತಂದು ಮುಂದೆ ಇಟ್ಟ. "ಮಾವ, ಯುರೋಪಿಯನ್ ಯೂನಿಯನ್ ಚೀನಾ ಕಾರಿಗೆ ಸುಂಕ ಹಾಕಿದೆ ಅಂತೆ, ಚೀನಾ ತಿರುಗಿ ಯುರೋಪಿನ ಬ್ರಾಂಡಿ ಮೇಲೆ ಹಾಕಿದೆ ಅಂತೆ. ಕಾರಿಗೂ ಬ್ರಾಂಡಿಗೂ ಏನು ಸಂಬಂಧ?" ಅಂದ. ಒಳ್ಳೆಯ ಪ್ರಶ್ನೆ. ಅವನಿಗೆ ಹೇಳಿಕೊಡುತ್ತಾ ನಾನೇ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಪರೀಕ್ಷೆಗೆ ಓದುವವರಿಗೂ ಆಗುತ್ತದೆ, ಸುಮ್ನೆ ಪೇಪರ್ ಓದುವವರಿಗೂ ಆಗುತ್ತದೆ.

ಬೇಕಾದ ಸಾಮಾನು: ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಒಂದು ಪೆನ್ನು. ಪುಟಕ್ಕೆ ಐದು ಮನೆ ಗೆರೆ ಎಳೆಯಿರಿ. ದಿನಾಂಕ, ಯಾರು ಮಾಡಿದರು, ಯಾವ ಹಂತ, ಯಾವ ಸರಕು, ಕೊನೆಗೆ ಯಾರ ಹೊಟ್ಟೆಗೆ ಪೆಟ್ಟು. ಪೆನ್ಸಿಲ್ ಯಾಕೆ, ಪೆನ್ನು ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು, ಮಾತಾಡುತ್ತಿರುವುದು ಯಾರು ಅಂತ ನೋಡಿ

ಪೇಪರ್‌ನಲ್ಲಿ "ಯುರೋಪ್ ಎಚ್ಚರಿಕೆ" ಅಂತ ಹಾಕಿರುತ್ತಾರೆ. ಯುರೋಪ್ ಅಂದರೆ ಯಾರು? ಯುರೋಪಿಯನ್ ಯೂನಿಯನ್ನಿನಲ್ಲಿ 27 ದೇಶಗಳಿವೆ. ಇದನ್ನು ಹಳೆಯ ಕಾಲದ ಒಟ್ಟು ಕುಟುಂಬ ಅಂದುಕೊಳ್ಳಿ. ಹೊರಗಿನವರ ಜೊತೆ ವ್ಯಾಪಾರದ ಬೀಗದ ಕೈ ಒಬ್ಬರ ಸೊಂಟದಲ್ಲಿದೆ, ಅದು ಬ್ರಸೆಲ್ಸ್‌ನ ಯುರೋಪಿಯನ್ ಕಮಿಷನ್. ಅದರ ಅಧ್ಯಕ್ಷೆ ಉರ್ಸುಲಾ ವಾನ್ ಡರ್ ಲೇಯನ್. ಸುಂಕದ ತನಿಖೆ ಮಾಡುವುದು, ದರ ಲೆಕ್ಕ ಹಾಕುವುದು, ಒಪ್ಪಂದದ ಮಾತುಕತೆಗೆ ಕೂರುವುದು ಎಲ್ಲ ಕಮಿಷನ್ನೇ. ಜರ್ಮನಿ ತಾನೊಂದೇ ಹೋಗಿ ಚೀನಾ ಜೊತೆ ಸುಂಕದ ಒಪ್ಪಂದ ಮಾಡಿಕೊಳ್ಳಲು ಬರುವುದಿಲ್ಲ.

ಆದರೆ ವಿದೇಶಾಂಗದ ಮಾತು ಬಂದರೆ ಕಥೆ ಬೇರೆ. ಯಾರ ಮೇಲಾದರೂ ನಿರ್ಬಂಧ ಹೇರಬೇಕು, ಒಟ್ಟಾಗಿ ಒಂದು ಖಂಡನೆ ಹೊರಡಿಸಬೇಕು ಅಂದರೆ 27 ದೇಶವೂ ಹೂಂ ಅನ್ನಬೇಕು. ಒಬ್ಬ ಅಣ್ಣತಮ್ಮ ಮುಖ ತಿರುಗಿಸಿದರೂ ಮುಗಿಯಿತು. ಆದ್ದರಿಂದಲೇ ಚೀನಾದ ವಿಷಯದಲ್ಲಿ ಯುರೋಪಿನ ಸುಂಕ ಗಟ್ಟಿಯಾಗಿ ಕೇಳಿಸುತ್ತದೆ, ಖಂಡನೆ ಮಾತ್ರ ಸಪ್ಪೆಯಾಗಿರುತ್ತದೆ. ಇದನ್ನು ಗೊತ್ತಿಟ್ಟುಕೊಳ್ಳದೆ "ಯುರೋಪಿಗೆ ಧೈರ್ಯ ಇಲ್ಲ" ಅಂತ ಷರಾ ಬರೆಯಬೇಡಿ.

ಒಳಗಿನ ಜಗಳಕ್ಕೆ ನಮ್ಮ ಕಡೆಯದೇ ಉದಾಹರಣೆ ಇದೆ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು 30%ರಿಂದ 5%ಕ್ಕೆ ಇಳಿಸಿದರು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೈತರ ಮುಖ ಬಾಡಿತು, ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳ ಮುಖವೂ ಬಾಡಿತು. ಅದೇ ಹೊತ್ತಿಗೆ ಸೀರೆ ನೇಯುವವರಿಗೆ ಚೀನಾ ರೇಷ್ಮೆ ಅಗ್ಗವಾಗಿ ಸಿಗುವುದೇ ಬೇಕಿತ್ತು. ಒಂದೇ ದೇಶ, ಒಂದೇ ನೂಲು, ಆದರೆ ಗೂಡು ಬೆಳೆಯುವವನ ಆಸೆ ಒಂದು, ನೇಯುವವನ ಆಸೆ ಇನ್ನೊಂದು. 2013ರಲ್ಲಿ ಸುಂಕ ಮತ್ತೆ 15%ಕ್ಕೆ ಏರಿತು. ಯುರೋಪಿನಲ್ಲೂ ಹೀಗೇ. ಜರ್ಮನಿಯ ಕಾರು ಕಂಪನಿಗಳು ಚೀನಾದಲ್ಲೇ ಕಾರು ಮಾಡಿ ಚೀನಾದಲ್ಲೇ ಮಾರುತ್ತವೆ, ಅವರಿಗೆ ಸುಂಕದ ಜಗಳ ಬೇಡ. ಫ್ರಾನ್ಸಿಗೆ ಬೇಕು.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. 2024ರ ಅಕ್ಟೋಬರ್ 4ರಂದು ಚೀನಾದ ಎಲೆಕ್ಟ್ರಿಕ್ ಕಾರುಗಳ ಸುಂಕದ ಬಗ್ಗೆ ದೇಶಗಳು ಮತ ಹಾಕಿದವು. ಪರವಾಗಿ 10, ವಿರುದ್ಧ 5, ಯಾರ ಕಡೆಗೂ ಇಲ್ಲದವರು 12. ನನ್ನ ಅಳಿಯ ಇದನ್ನು ನೋಡಿ "ಹಾಗಾದರೆ ಬಿದ್ದು ಹೋಯಿತಲ್ಲ ಮಾವ, 27ರಲ್ಲಿ 10 ಎಲ್ಲಿ ಬಹುಮತ?" ಅಂದ. ನಮ್ಮ ಗ್ರಾಮ ಪಂಚಾಯಿತಿಯ ಲೆಕ್ಕದಲ್ಲಿ ಅವನ ಮಾತು ಸರಿ. ಆದರೆ ಅಲ್ಲಿ ಲೆಕ್ಕ ತಿರುಗಾಮುರುಗಾ. ಕಮಿಷನ್ ಇಟ್ಟ ಇಂಥ ಸುಂಕದ ಪ್ರಸ್ತಾವವನ್ನು ಪಾಸು ಮಾಡಲು ಬಹುಮತ ಬೇಕಿಲ್ಲ, ತಡೆಯಲು ಬೇಕು. ಅದೂ ಸುಮ್ನೆ ಬಹುಮತ ಸಾಲದು. ಕನಿಷ್ಠ 15 ದೇಶ ವಿರುದ್ಧ ಇರಬೇಕು, ಆ ದೇಶಗಳಲ್ಲಿ ಒಟ್ಟು ಜನಸಂಖ್ಯೆಯ 65% ಇರಬೇಕು. ವಿರುದ್ಧ ಬಂದದ್ದು ಜರ್ಮನಿ, ಹಂಗೇರಿ, ಮಾಲ್ಟಾ, ಸ್ಲೊವಾಕಿಯಾ, ಸ್ಲೊವೇನಿಯಾ, ಅಷ್ಟೇ. ಸುಂಕ ಜಾರಿಯಾಯಿತು. ಹಾಗಾಗಿ ಮತದ ಸುದ್ದಿ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ "ಎಷ್ಟು ಜನ ಪರ" ಅಂತಲ್ಲ, "ಇದನ್ನು ನಿಲ್ಲಿಸಲು ಎಷ್ಟು ಜನ ಬೇಕು" ಅಂತ. ಆ 12 ದೇಶಗಳು ಕೈ ಎತ್ತದೆ ಕೂತದ್ದೇ ಕಮಿಷನ್ನಿಗೆ ಸಹಾಯವಾಯಿತು, ಚೀನಾಕ್ಕೆ ಮುಖ ತೋರಿಸುವುದಕ್ಕೂ ಅಡ್ಡಿಯಿಲ್ಲ. ಜಾಣತನ ಅಲ್ವಾ!

ಪೆನ್ಸಿಲ್ ಯಾವಾಗ, ಪೆನ್ನು ಯಾವಾಗ

ಸುಂಕ ಅನ್ನುವುದು ಒಂದೇ ದಿನ ಬೀಳುವ ಪೆಟ್ಟಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಕಾರಿನ ಕಥೆಯನ್ನೇ ನೋಡಿ. 2023ರ ಸೆಪ್ಟೆಂಬರ್ 13ರಂದು ವಾನ್ ಡರ್ ಲೇಯನ್ ಭಾಷಣದಲ್ಲಿ ತನಿಖೆ ಮಾಡುತ್ತೇವೆ ಅಂದರು. ಅಕ್ಟೋಬರ್ 4ಕ್ಕೆ ತನಿಖೆ ಅಧಿಕೃತವಾಗಿ ಶುರುವಾಯಿತು. 2024ರ ಜೂನ್ 12ಕ್ಕೆ ಎಷ್ಟು ಸುಂಕ ಬೀಳಬಹುದು ಅಂತ ಮುಂಗಡವಾಗಿ ತಿಳಿಸಿದರು. ಜುಲೈನಲ್ಲಿ ತಾತ್ಕಾಲಿಕ ಸುಂಕ. ಅಕ್ಟೋಬರ್ 4ಕ್ಕೆ ಮತ. ಅಕ್ಟೋಬರ್ 30ರಿಂದ ಅಂತಿಮ ಸುಂಕ, ಐದು ವರ್ಷಕ್ಕೆ. ಒಂದು ವರ್ಷದ ಮೇಲೆ ಹಿಡಿಯಿತು. ಪ್ರತಿ ಮೆಟ್ಟಿಲಿಗೂ ಪೇಪರ್‌ನಲ್ಲಿ "ಸುಂಕ ಹೇರಿದ ಯುರೋಪ್" ಅನ್ನುವ ಹೆಡ್‌ಲೈನ್ ಬರಬಹುದು, ಓದುವವನಿಗೆ ಐದು ಸಲ ಸುಂಕ ಹಾಕಿದರು ಅನ್ನಿಸುತ್ತದೆ.

ಆದ್ದರಿಂದ ನಿಯಮ ಇಷ್ಟೆ. ಭಾಷಣ, ತನಿಖೆ, ತಾತ್ಕಾಲಿಕ ಸುಂಕ, ಎಲ್ಲ ಪೆನ್ಸಿಲ್‌ನಲ್ಲಿ. ಅಂತಿಮ ಆದೇಶ ಮಾತ್ರ ಪೆನ್ನಿನಲ್ಲಿ. ಯಾಕೆಂದರೆ ಸಂಖ್ಯೆ ಬದಲಾಗುತ್ತದೆ, ಕೆಲವು ಸಲ ಸಿಕ್ಕಾಪಟ್ಟೆ ಬದಲಾಗುತ್ತದೆ. ಯುರೋಪಿನ ಹಂದಿ ಮಾಂಸಕ್ಕೆ ಚೀನಾ 2025ರ ಸೆಪ್ಟೆಂಬರ್‌ನಲ್ಲಿ ಹಾಕಿದ ತಾತ್ಕಾಲಿಕ ಸುಂಕ 15.6%ರಿಂದ 62.4%. ಡಿಸೆಂಬರ್‌ನಲ್ಲಿ ಅಂತಿಮ ಸುಂಕ ಬಂದಾಗ ಅದು 4.9%ರಿಂದ 19.8%. ಸೆಪ್ಟೆಂಬರ್ ಸಂಖ್ಯೆಯನ್ನು ಪೆನ್ನಿನಲ್ಲಿ ಬರೆದಿದ್ದವರು ಕಾಟು ಹಾಕಬೇಕಾಯಿತು.

ಇಲ್ಲಿ ನಾನೇ ಮಾಡಿದ ಎಡವಟ್ಟು ಹೇಳಿಬಿಡುತ್ತೇನೆ. 2024ರಲ್ಲಿ ಟೀ ಅಂಗಡಿ ಮುಂದೆ ನಾಲ್ಕು ಜನಕ್ಕೆ "ಚೀನಾ ಕಾರಿಗೆಲ್ಲ ಯುರೋಪಿನವರು 45% ಹಾಕಿದ್ದಾರೆ" ಅಂತ ಜೋರಾಗಿ ಹೇಳಿದ್ದೆ, ವಾಟ್ಸಾಪ್‌ನಲ್ಲೂ ಕಳಿಸಿದ್ದೆ. ತಪ್ಪು. ಕಂಪನಿಗೆ ಒಂದೊಂದು ದರ. ಬಿವೈಡಿಗೆ 17%, ಗೀಲಿಗೆ 18.8%, ಎಂಜಿ ಕಾರಿನ ಒಡೆಯ ಎಸ್‌ಎಐಸಿಗೆ 35.3%. ಚೀನಾದಲ್ಲಿ ತಯಾರಾಗುವ ಟೆಸ್ಲಾಗೆ 7.8%. ಇದರ ಮೇಲೆ ಎಲ್ಲರಿಗೂ ಮೊದಲಿನಿಂದ ಇದ್ದ 10%. ಎಸ್‌ಎಐಸಿಗೆ ಕೂಡಿಸಿದರೆ 45.3% ಆಗುತ್ತದೆ, ಬಿವೈಡಿಗೆ 27% ಮಾತ್ರ. ನಾನು ಅತಿ ದೊಡ್ಡ ಸಂಖ್ಯೆ ಹಿಡಿದು ಎಲ್ಲರ ತಲೆಗೂ ಕಟ್ಟಿದ್ದೆ. ಆವತ್ತಿನಿಂದ ನೋಟ್‌ಬುಕ್‌ನಲ್ಲಿ ಯಾವ ಸುಂಕ ಬರೆದರೂ ಎರಡು ಸಂಖ್ಯೆ ಬರೆಯುತ್ತೇನೆ: ಕಡಿಮೆ ಎಷ್ಟು, ಜಾಸ್ತಿ ಎಷ್ಟು. ಪಕ್ಕದಲ್ಲಿ "ಹಳೆಯ ಸುಂಕ ಸೇರಿದೆಯಾ?" ಅಂತ ಒಂದು ಪ್ರಶ್ನೆ.

ಕಂಪನಿಗೆ ಒಂದೊಂದು ದರ ಯಾಕೆ ಅಂದರೆ ಇದು ಸಬ್ಸಿಡಿ ವಿರುದ್ಧದ ಸುಂಕ. ಚೀನಾ ಸರ್ಕಾರ ಯಾವ ಕಂಪನಿಗೆ ಅಗ್ಗದ ಸಾಲ, ಅಗ್ಗದ ಜಮೀನು, ಅಗ್ಗದ ಬ್ಯಾಟರಿ ಕೊಡಿಸಿತು ಅಂತ ಲೆಕ್ಕ ಹಾಕಿ ಅಷ್ಟನ್ನು ಗಡಿಯಲ್ಲಿ ವಸೂಲಿ ಮಾಡುವುದು. ತನಿಖೆಗೆ ಸಹಕರಿಸಿ ಲೆಕ್ಕಪತ್ರ ಕೊಟ್ಟವರಿಗೆ ಕಡಿಮೆ, ಕೊಡದವರಿಗೆ ಜಾಸ್ತಿ. ಡಂಪಿಂಗ್ ವಿರುದ್ಧದ ಸುಂಕ ಬೇರೆ: ತನ್ನ ಊರಿನ ಬೆಲೆಗಿಂತ ಕಡಿಮೆಗೆ ಹೊರಗೆ ತಂದು ಸುರಿದರೆ ಅದಕ್ಕೆ ಹಾಕುವುದು. ಬ್ರಾಂಡಿಗೆ ಚೀನಾ ಹಾಕಿದ್ದು ಇದು. ಪರೀಕ್ಷೆಯಲ್ಲಿ ಇವೆರಡನ್ನು ಕಲಸಬೇಡಿ.

ಒಪ್ಪಂದಗಳಿಗೂ ಪೆನ್ಸಿಲ್ ನಿಯಮವೇ. 2020ರ ಡಿಸೆಂಬರ್ 30ರಂದು ಯುರೋಪು ಮತ್ತು ಚೀನಾ ಒಂದು ದೊಡ್ಡ ಹೂಡಿಕೆ ಒಪ್ಪಂದಕ್ಕೆ ತಾತ್ವಿಕವಾಗಿ ಒಪ್ಪಿದವು. ಏಳು ವರ್ಷದ ಮಾತುಕತೆ, ಎಲ್ಲ ಕಡೆ ಸುದ್ದಿ. ಮೂರೇ ತಿಂಗಳಿಗೆ, 2021ರ ಮಾರ್ಚ್ 22ರಂದು, ಚೀನಾದ ಶಿಂಜಿಯಾಂಗ್‌ನ ಉಯ್ಘರ್ ಮುಸ್ಲಿಮರ ಮೇಲಿನ ದಬ್ಬಾಳಿಕೆಯ ವಿಷಯದಲ್ಲಿ ಯುರೋಪು ಕೆಲವು ಚೀನೀ ಅಧಿಕಾರಿಗಳ ಮೇಲೆ ನಿರ್ಬಂಧ ಹಾಕಿತು. ಅದೇ ದಿನ ಚೀನಾ ತಿರುಗಿ ಯುರೋಪಿನ ಪಾರ್ಲಿಮೆಂಟ್ ಸದಸ್ಯರ ಮೇಲೆ ಹಾಕಿತು. ಒಪ್ಪಂದಕ್ಕೆ ಮುದ್ರೆ ಒತ್ತಬೇಕಾದವರು ಅದೇ ಪಾರ್ಲಿಮೆಂಟಿನವರು! ಮೇ 20ಕ್ಕೆ ಅವರು 599 ಮತಗಳಿಂದ ಅದನ್ನು ಕಟ್ಟಿ ಅಟ್ಟಕ್ಕೆ ಹಾಕಿದರು. ಇದನ್ನು ಪೆನ್ನಿನಲ್ಲಿ ಬರೆದವರ ಗತಿ ಏನು?

ಎರಡು ದಿನಾಂಕ ಪಕ್ಕಪಕ್ಕ ಇಡಿ

ನನ್ನ ಪ್ರಕಾರ ಇಡೀ ಕೆಲಸದ ಜೀವ ಇದರಲ್ಲೇ ಇದೆ. ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ.

ಯುರೋಪು ಕಾರಿನ ಸುಂಕದ ದರ ಮುಂಗಡವಾಗಿ ತಿಳಿಸಿದ್ದು 2024ರ ಜೂನ್ 12. ಚೀನಾ ಯುರೋಪಿನ ಹಂದಿ ಮಾಂಸದ ಮೇಲೆ ತನಿಖೆ ಶುರು ಮಾಡಿದ್ದು ಜೂನ್ 17. ಯುರೋಪು ಅಂತಿಮ ದರದ ಕರಡು ಹೊರಬಿಟ್ಟದ್ದು ಆಗಸ್ಟ್ 20. ಚೀನಾ ಹಾಲಿನ ಉತ್ಪನ್ನಗಳ ಮೇಲೆ ತನಿಖೆ ಅಂದದ್ದು ಆಗಸ್ಟ್ 21. ಯುರೋಪಿನಲ್ಲಿ ಮತ ಬಿದ್ದದ್ದು ಅಕ್ಟೋಬರ್ 4. ಬ್ರಾಂಡಿಗೆ ಚೀನಾ ತಾತ್ಕಾಲಿಕ ಕ್ರಮ ಘೋಷಿಸಿದ್ದು ಅಕ್ಟೋಬರ್ 8. ಚೀನಾದವರು ಎಲ್ಲೂ "ಇದು ಕಾರಿಗೆ ಸೇಡು" ಅಂತ ಬರೆಯುವುದಿಲ್ಲ. ಅವರ ಪ್ರಕಟಣೆಯಲ್ಲಿ ದೇಶದ ಉದ್ಯಮದ ದೂರು, ಕಾನೂನು, ವಿಶ್ವ ವ್ಯಾಪಾರ ಸಂಸ್ಥೆಯ ನಿಯಮ, ಎಲ್ಲ ಅಚ್ಚುಕಟ್ಟಾಗಿರುತ್ತದೆ. ಆದರೆ ದಿನಾಂಕಗಳನ್ನು ನೋಟ್‌ಬುಕ್‌ನಲ್ಲಿ ಒಂದರ ಪಕ್ಕ ಒಂದು ಬರೆದು ನೋಡಿದರೆ ಚಿಕ್ಕ ಮಗುವಿಗೂ ಗೊತ್ತಾಗುತ್ತದೆ. ಅಳಿಯ ಇದನ್ನು ಬರೆದು ಮುಗಿಸಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ಥೂ, ಇದು ಪಕ್ಕದ ಹೊಲದವರ ಬದುವಿನ ಜಗಳ ಇದ್ದ ಹಾಗೇ ಇದೆ ಮಾವ" ಅಂದ.

ದಿನಾಂಕ ಆದ ಮೇಲೆ ಸರಕು. ಯಾಕೆ ಬ್ರಾಂಡಿ, ಯಾಕೆ ಹಂದಿ? ಪ್ರತಿ ಸರಕಿಗೂ ಒಂದು ವಿಳಾಸ ಇರುತ್ತದೆ. ಬ್ರಾಂಡಿ ಅಂದರೆ ಕೊನ್ಯಾಕ್, ಕೊನ್ಯಾಕ್ ಅಂದರೆ ಫ್ರಾನ್ಸ್, ಕಾರಿನ ಸುಂಕಕ್ಕೆ ಒತ್ತಾಯ ಮಾಡಿದ್ದು ಫ್ರಾನ್ಸ್. ಹಂದಿ ಮಾಂಸ ಅಂದರೆ ಸ್ಪೇನ್, ಯುರೋಪಿನಿಂದ ಚೀನಾಕ್ಕೆ ಅತಿ ಹೆಚ್ಚು ಹಂದಿ ಮಾಂಸ ಕಳಿಸುವುದು ಅದೇ. ಅದರಲ್ಲೂ ಯುರೋಪಿನವರು ಹೆಚ್ಚು ತಿನ್ನದ ಕಿವಿ, ಕಾಲು, ಒಳಗಿನ ಭಾಗಗಳಿಗೆ ಚೀನಾ ಬಿಟ್ಟರೆ ಅಷ್ಟು ದೊಡ್ಡ ಗಿರಾಕಿ ಸಿಗುವುದು ಕಷ್ಟ. ಸ್ಪೇನ್ 2024ರ ಜುಲೈನಲ್ಲಿ ಅಭಿಪ್ರಾಯ ಕೇಳಲಷ್ಟೇ ನಡೆದ ಮತದಲ್ಲಿ ಸುಂಕದ ಪರ ಇತ್ತು. ಸೆಪ್ಟೆಂಬರ್‌ನಲ್ಲಿ ಅದರ ಪ್ರಧಾನಿ ಪೆಡ್ರೊ ಸ್ಯಾಂಚೆಜ್ ಚೀನಾಕ್ಕೆ ಹೋಗಿ ಬಂದರು, ಸುಂಕದ ಬಗ್ಗೆ ಮರುಯೋಚನೆ ಮಾಡಬೇಕು ಅಂದರು. ಅಕ್ಟೋಬರ್ 4ರಂದು ಸ್ಪೇನ್ ಕೈ ಎತ್ತಲಿಲ್ಲ, ಆ 12ರಲ್ಲಿ ಸೇರಿಕೊಂಡಿತು. ಕಿವಿ ಹಿಂಡಿದರೆ ಎಲ್ಲಿ ನೋಯುತ್ತದೆ ಅಂತ ಚೀನಾಕ್ಕೆ ಚೆನ್ನಾಗಿ ಗೊತ್ತು.

ನಮ್ಮ ಗಡಿಯಲ್ಲೂ ನಿಂತದ್ದು ತೋತಾಪುರಿ. ಬಾದಾಮಿ ಅಲ್ಲ, ಮಲ್ಲಿಕಾ ಅಲ್ಲ. ಬಾದಾಮಿಯನ್ನು ಬೆಂಗಳೂರಿನಲ್ಲಿ ಮನೆಮನೆಗೆ ಮಾರಬಹುದು. ತೋತಾಪುರಿಗೆ ಪಲ್ಪ್ ಫ್ಯಾಕ್ಟರಿಯೇ ಗತಿ, ಆ ಫ್ಯಾಕ್ಟರಿಗಳು ಹೆಚ್ಚಾಗಿ ಇರುವುದು ಗಡಿಯ ಆಚೆ. ಕೊಯ್ದ ಹಣ್ಣು ಕಾಯುವುದಿಲ್ಲ. ಕೊನೆಗೆ ಕೇಂದ್ರ ಸರ್ಕಾರ ಕರ್ನಾಟಕದ 2.5 ಲಕ್ಷ ಟನ್ ತೋತಾಪುರಿಗೆ ಬೆಲೆ ವ್ಯತ್ಯಾಸದ ಹಣ ಕೊಡಲು ಒಪ್ಪಿತು.

ಬ್ರಾಂಡಿ ಕಥೆಯ ಕೊನೆಯನ್ನೂ ಬರೆದಿಟ್ಟುಕೊಳ್ಳಿ. 2025ರ ಜುಲೈ 5ರಿಂದ ಅಂತಿಮ ಸುಂಕ, 34.9%ರವರೆಗೆ. ಆದರೆ 34 ಕಂಪನಿಗಳು "ಇಷ್ಟಕ್ಕಿಂತ ಕಡಿಮೆಗೆ ಮಾರುವುದಿಲ್ಲ" ಅಂತ ಒಪ್ಪಿಕೊಂಡವು, ಅವಕ್ಕೆ ಸುಂಕ ಇಲ್ಲ. ದೊಡ್ಡ ಹೆಸರುಗಳೆಲ್ಲ ಅದರಲ್ಲಿ ಬಂದವು. ಹೆಡ್‌ಲೈನ್ ಸುಂಕದ್ದು, ನಿಜವಾದ ಸುದ್ದಿ ಕೆಳಗಿನ ಸಾಲಿನ ರಿಯಾಯಿತಿಯದ್ದು. ಯಾವ ಸುಂಕದ ಸುದ್ದಿ ಬಂದರೂ "ಯಾರಿಗೆ ಬಿಟ್ಟರು?" ಅಂತ ಹುಡುಕಿ.

ಯಾರಿಗೆ ಯಾರ ಸರಕು ಬೇಡ ಅನ್ನಲಾಗುವುದಿಲ್ಲ

ಹೊರಗಿನ ಗದ್ದಲ ಬಿಟ್ಟು ಅಂಗಡಿ ಲೆಕ್ಕ ನೋಡೋಣ. 2024ರಲ್ಲಿ ಯುರೋಪು ಚೀನಾದಿಂದ ಕೊಂಡದ್ದಕ್ಕೂ ಚೀನಾಕ್ಕೆ ಮಾರಿದ್ದಕ್ಕೂ ಇದ್ದ ಅಂತರ 300 ಬಿಲಿಯನ್ ಯೂರೋಗಿಂತ ಜಾಸ್ತಿ, ಅಂದರೆ 30,000 ಕೋಟಿ ಯೂರೋ ದಾಟಿತ್ತು. ಯುರೋಪು ಕೊಂಡದ್ದು ಮಾರಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಇದನ್ನು ನೋಡಿ ಕೆಲವರು "ಗಿರಾಕಿಯೇ ದೇವರು, ಹಾಗಾಗಿ ಯುರೋಪಿನ ಕೈ ಮೇಲು" ಅನ್ನುತ್ತಾರೆ. ಇನ್ನು ಕೆಲವರು "ಸಾಮಾನು ಇರುವವನ ಕೈ ಮೇಲು" ಅನ್ನುತ್ತಾರೆ. ಎರಡೂ ಅರ್ಧ ಸತ್ಯ. ಕೇಳಬೇಕಾದ್ದು ಇಷ್ಟೆ: ನಾಳೆ ಬೆಳಗ್ಗೆ ಇದು ನಿಂತರೆ ಬೇರೆ ಅಂಗಡಿ ಇದೆಯಾ?

ಕಾರಿಗೆ ಬೇರೆ ಅಂಗಡಿ ಇದೆ. ಬ್ರಾಂಡಿ ಇಲ್ಲದಿದ್ದರೆ ಯಾರೂ ಸಾಯುವುದಿಲ್ಲ. ಆದರೆ 2025ರ ಏಪ್ರಿಲ್ 4ರಂದು ಚೀನಾ ಏಳು ಬಗೆಯ ಅಪರೂಪದ ಲೋಹಗಳಿಗೂ ಅವುಗಳಿಂದ ಮಾಡುವ ಆಯಸ್ಕಾಂತಗಳಿಗೂ ರಫ್ತು ಪರವಾನಗಿ ಕಡ್ಡಾಯ ಮಾಡಿತು. ಜಗತ್ತಿನ ಇಂಥ ಲೋಹಗಳ ಶುದ್ಧೀಕರಣದಲ್ಲಿ ಸುಮಾರು 90% ಚೀನಾದ್ದು. ಬಟಾಣಿ ಗಾತ್ರದ ಆಯಸ್ಕಾಂತ ಇಲ್ಲದೆ ಕಾರಿನ ಮೋಟರ್ ಇಲ್ಲ, ಕಿಟಕಿ ಏರಿಸುವ ಮೋಟರ್ ಕೂಡ ಇಲ್ಲ. ಎರಡೇ ತಿಂಗಳಲ್ಲಿ ಯುರೋಪಿನ ಕೆಲವು ಬಿಡಿಭಾಗದ ಫ್ಯಾಕ್ಟರಿಗಳ ಲೈನ್ ನಿಂತವು. ಅದು ಅಮೆರಿಕದ ಸುಂಕಕ್ಕೆ ಕೊಟ್ಟ ಉತ್ತರ, ಯುರೋಪಿಗೆ ಗುರಿ ಇಟ್ಟದ್ದಲ್ಲ. ಆದರೂ ಏಟು ಬಿತ್ತು. ನಮ್ಮ ದೇಶದ ವಾಹನ ಕಂಪನಿಗಳೂ ಆಗ ಆಯಸ್ಕಾಂತ ಸಿಗುತ್ತಿಲ್ಲ ಅಂತ ಸರ್ಕಾರದ ಬಾಗಿಲು ತಟ್ಟಿದವು. ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿ ಕೆಲಸಕ್ಕೆ ಹೋಗುವ ಹುಡುಗರ ಬಾಯಲ್ಲಿ ಆ ಜೂನ್‌ನಲ್ಲಿ "ಮ್ಯಾಗ್ನೆಟ್" ಅನ್ನುವ ಪದ ನಾನು ಎಷ್ಟೋ ಸಲ ಕೇಳಿದೆ.

ನೋಟ್‌ಬುಕ್‌ನ ಕೊನೆಯ ಮನೆಯಲ್ಲಿ, ಯಾರ ಹೊಟ್ಟೆಗೆ ಪೆಟ್ಟು ಅನ್ನುವ ಕಡೆ, ದೇಶದ ಹೆಸರು ಬರೆಯಬೇಡಿ. "ಫ್ರಾನ್ಸ್" ಅಂತ ಬರೆದರೆ ಏನೂ ಗೊತ್ತಾಗುವುದಿಲ್ಲ. "ಕೊನ್ಯಾಕ್‌ನ ದ್ರಾಕ್ಷಿ ರೈತ" ಅಂತ ಬರೆಯಿರಿ. "ಜರ್ಮನಿ" ಬೇಡ, "ಕಿಟಕಿ ಮೋಟರ್ ಮಾಡುವ ಫ್ಯಾಕ್ಟರಿ" ಅಂತ ಬರೆಯಿರಿ. ಆಮೇಲೆ ಯಾವ ಮಂತ್ರಿ ಯಾಕೆ ಕೂಗುತ್ತಿದ್ದಾನೆ ಅಂತ ತಾನಾಗೇ ತಿಳಿಯುತ್ತದೆ.

ನಯವಾದ ಮಾತನ್ನು ಓದುವುದು

ಇದು ಸ್ವಲ್ಪ ಬೇಜಾರಿನ ಭಾಗ, ಬೇಗ ಮುಗಿಸುತ್ತೇನೆ. ಯುರೋಪು ಮತ್ತು ಚೀನಾ ನಡುವೆ ರಾಜತಾಂತ್ರಿಕ ಸಂಬಂಧ ಶುರುವಾದದ್ದು 1975ರ ಮೇ 6. 2003ರಲ್ಲಿ ಅದಕ್ಕೆ ಸಮಗ್ರ ಪಾಲುದಾರಿಕೆ ಅಂತ ದೊಡ್ಡ ಹೆಸರಿಟ್ಟರು. 2019ರ ಮಾರ್ಚ್‌ನಲ್ಲಿ ಕಮಿಷನ್ ಒಂದೇ ಕಾಗದದಲ್ಲಿ ಚೀನಾವನ್ನು ಮೂರು ಹೆಸರಿನಿಂದ ಕರೆಯಿತು: ಪಾಲುದಾರ, ಪೈಪೋಟಿದಾರ, ಬೇರೆಯದೇ ಆಡಳಿತ ಪದ್ಧತಿಯನ್ನು ಮುಂದಿಡುವ ಎದುರಾಳಿ. ಹೊರಗಿನವರಿಗೆ ಇದು ಗೊಂದಲ ಅನ್ನಿಸಬಹುದು. ನಮ್ಮಲ್ಲಿ ದಾಯಾದಿ ಅನ್ನುವ ಒಂದೇ ಪದ ಸಾಕು. ಮದುವೆಗೆ ಕರೆಯಬೇಕು, ಬೋರ್‌ವೆಲ್ ನೀರಿಗೆ ಜಗಳ ಆಡಬೇಕು, ಕೋರ್ಟಿಗೂ ಅಲೆಯಬೇಕು. ಯಾವ ಸುದ್ದಿ ಬಂದರೂ ಈ ಮೂರರಲ್ಲಿ ಯಾವ ಮುಖ ಮಾತಾಡುತ್ತಿದೆ ಅಂತ ಪಕ್ಕದಲ್ಲಿ ಬರೆದುಕೊಳ್ಳಿ.

2023ರಿಂದ ಇನ್ನೊಂದು ಮಾತು ಓಡಾಡುತ್ತಿದೆ. ವಾನ್ ಡರ್ ಲೇಯನ್ ಹೇಳಿದ್ದು: ಚೀನಾ ಜೊತೆ ಸಂಬಂಧ ಕಡಿದುಕೊಳ್ಳುವುದಿಲ್ಲ, ಅಪಾಯ ಕಡಿಮೆ ಮಾಡಿಕೊಳ್ಳುತ್ತೇವೆ. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದರೆ, ಇಡೀ ಹೊಲಕ್ಕೆ ಟೊಮೆಟೊ ಹಾಕಬೇಡ, ಒಂದು ಮೂಲೆಗೆ ರಾಗಿ ಇರಲಿ. ಕೋಲಾರದ ಮಂಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಶೃಂಗಸಭೆಯ ಸುದ್ದಿಯಲ್ಲಿ ಕೈಕುಲುಕುವ ಫೋಟೊ ಬಿಟ್ಟು ಎರಡು ವಿಷಯ ನೋಡಿ: ಎಷ್ಟು ದಿನ ಕೂತರು, ಎದ್ದು ಹೋಗುವಾಗ ಯಾವ ಕಾಗದಕ್ಕೆ ಒಟ್ಟಿಗೆ ಒಪ್ಪಿದರು. 2025ರ ಜುಲೈ 24ರ ಬೀಜಿಂಗ್ ಸಭೆ 50ನೇ ವರ್ಷದ ಸಂಭ್ರಮದ್ದು, ಎರಡು ದಿನ ಅಂತ ಇದ್ದದ್ದು ಒಂದು ದಿನಕ್ಕೆ ಇಳಿಯಿತು. ಒಟ್ಟಿಗೆ ಹೊರಡಿಸಿದ್ದು ಹವಾಮಾನದ ಬಗ್ಗೆ ಒಂದು ಹೇಳಿಕೆ. ಸುಂಕದ ಬಗ್ಗೆ ಇಲ್ಲ. ಐವತ್ತು ವರ್ಷದ ಮದುವೆ ವಾರ್ಷಿಕೋತ್ಸವಕ್ಕೆ ಬಂದು ಊಟ ಮಾಡಿ ಸಂಜೆ ಬಸ್ಸಿಗೇ ಹೊರಟ ಹಾಗೆ.

ಮಾತಿಲ್ಲದೆ ಹೊಡೆಯುವುದೂ ಇದೆ. ಲಿಥುವೇನಿಯಾ 30 ಲಕ್ಷದಷ್ಟೂ ಜನ ಇಲ್ಲದ ಪುಟ್ಟ ದೇಶ. 2021ರ ನವೆಂಬರ್‌ನಲ್ಲಿ ಅದರ ರಾಜಧಾನಿ ವಿಲ್ನಿಯಸ್‌ನಲ್ಲಿ "ತೈವಾನ್" ಹೆಸರಿನಲ್ಲಿ ಒಂದು ಕಚೇರಿ ತೆರೆಯಲು ಬಿಟ್ಟಿತು. ತೈವಾನ್ ತನ್ನದೇ ಭಾಗ ಅನ್ನುವ ಚೀನಾಕ್ಕೆ ಸಿಟ್ಟು ಬಂತು. ಕೆಲವೇ ದಿನಕ್ಕೆ ಅದರ ಸರಕು ಚೀನಾದ ಬಂದರಿನಲ್ಲಿ ಕಸ್ಟಮ್ಸ್ ದಾಟದ ಹಾಗಾಯಿತು. ಸುಂಕ ಇಲ್ಲ, ಆದೇಶ ಇಲ್ಲ, ಚೆಕ್‌ಪೋಸ್ಟ್‌ನಲ್ಲಿ ಗೇಟು ಮಾತ್ರ ಎತ್ತುವುದಿಲ್ಲ. ಯುರೋಪು 2022ರ ಜನವರಿಯಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು, 2024ರ ಜನವರಿಯಲ್ಲಿ ತಾನೇ ಅದನ್ನು ನಿಲ್ಲಿಸಿತು. ಬರೆದ ಆದೇಶವೇ ಇಲ್ಲದಿದ್ದಾಗ ಸಾಕ್ಷಿ ತರುವುದು ಕಷ್ಟ. ಇಂಥ ಒತ್ತಾಯಕ್ಕೆ ಉತ್ತರ ಕೊಡಲು ಯುರೋಪು ಒಂದು ಹೊಸ ಕಾನೂನು ಮಾಡಿತು, 2023ರ ಡಿಸೆಂಬರ್ 27ರಿಂದ ಜಾರಿಯಲ್ಲಿದೆ.

ಈಗ ಒಂದು ಹಳೆ ಜಗಳ ತೆಗೆದು ಕೈ ಪಳಗಿಸಿ

ಹೊಸ ಸುದ್ದಿಯ ಮೇಲೆ ಅಭ್ಯಾಸ ಮಾಡಬೇಡಿ, ಅದರ ಕೊನೆ ಯಾರಿಗೂ ಗೊತ್ತಿರುವುದಿಲ್ಲ. ಮುಗಿದದ್ದನ್ನು ತೆಗೆದುಕೊಳ್ಳಿ. ನಾನು ಅಳಿಯನಿಗೆ ಕೊಟ್ಟದ್ದು 2013ರ ಸೋಲಾರ್ ಪ್ಯಾನೆಲ್ ಜಗಳ. ಅವನು ಗೆಳೆಯರ ಜೊತೆ ತುಮಕೂರು ಜಿಲ್ಲೆಯ ಪಾವಗಡಕ್ಕೆ ಹೋಗಿ 13,000 ಎಕರೆಯ ಸೋಲಾರ್ ಪಾರ್ಕ್ ನೋಡಿ ಬಂದಿದ್ದ, ಹಾಗಾಗಿ ಆಸೆಯಿಂದ ಕೂತ.

ಮೊದಲ ಸಾಲು: 2013ರ ಜೂನ್ 4, ಯುರೋಪು ಚೀನಾದ ಪ್ಯಾನೆಲ್‌ಗೆ 11.8% ತಾತ್ಕಾಲಿಕ ಸುಂಕ ಘೋಷಿಸಿತು, ಎರಡು ತಿಂಗಳಲ್ಲಿ ರಾಜಿ ಆಗದಿದ್ದರೆ ಸರಾಸರಿ 47.6% ಅಂದಿತು. ಪೆನ್ಸಿಲ್. ಎರಡನೇ ಸಾಲು: ಜೂನ್ 5, ಚೀನಾ ಯುರೋಪಿನ ವೈನ್ ಮೇಲೆ ತನಿಖೆ ಅಂದಿತು. ಮಾರನೇ ದಿನವೇ! ಇಲ್ಲಿ ನಿಲ್ಲಿಸಿ ನಾನು ಕೇಳಿದೆ, "ವೈನ್ ಯಾರದ್ದು?" ಅವನು ಫ್ರಾನ್ಸ್, ಇಟಲಿ, ಸ್ಪೇನ್ ಅಂದ. "ಜರ್ಮನಿಗೆ ಏನೂ ಇಲ್ಲವಾ?" ಅಂದೆ. ಸ್ವಲ್ಪ ಯೋಚಿಸಿ "ಜರ್ಮನಿ ಸೋಲಾರ್ ಸುಂಕಕ್ಕೆ ವಿರುದ್ಧ ಇತ್ತಲ್ವಾ, ಅದಕ್ಕೆ ಬಿಟ್ಟರು" ಅಂದ. ಹನ್ನೊಂದು ವರ್ಷ ಆದ ಮೇಲೆ ಕಾರಿನ ಜಗಳದಲ್ಲೂ ಜರ್ಮನಿ ಅದೇ ಜಾಗದಲ್ಲೇ ನಿಂತಿತ್ತು ಅಂತ ಅವನಿಗೇ ಹೊಳೆಯಿತು. ಮೂರನೇ ಸಾಲು: ಜುಲೈ ಕೊನೆಗೆ ರಾಜಿ, ಇಷ್ಟಕ್ಕಿಂತ ಕಡಿಮೆಗೆ ಮಾರುವುದಿಲ್ಲ ಅನ್ನುವ ಕನಿಷ್ಠ ಬೆಲೆ, ಒಂದು ವ್ಯಾಟ್‌ಗೆ 56 ಸೆಂಟ್. ಇದೇ ಉಪಾಯ 2025ರಲ್ಲಿ ಬ್ರಾಂಡಿಗೂ ಬಂತು, ನೆನಪಿದೆಯಲ್ಲ. ನಾಲ್ಕನೇ ಸಾಲು: 2014ರ ಮಾರ್ಚ್, ವೈನ್ ತನಿಖೆ ಕೈಬಿಟ್ಟರು. ಕೊನೆಯ ಸಾಲು: 2018ರ ಸೆಪ್ಟೆಂಬರ್, ಸೋಲಾರ್ ಕ್ರಮವೂ ಮುಗಿಯಿತು. ಯಾರ ಹೊಟ್ಟೆಗೆ ಪೆಟ್ಟು ಅನ್ನುವ ಮನೆಯಲ್ಲಿ ಅವನು ಬರೆದದ್ದು "ಯುರೋಪಿನ ಪ್ಯಾನೆಲ್ ಫ್ಯಾಕ್ಟರಿಯ ಕೆಲಸಗಾರ". ಸರಿಯಾಗಿಯೇ ಬರೆದ. ಅಲ್ಲಿನ ಎಷ್ಟೋ ಫ್ಯಾಕ್ಟರಿಗಳು ಆ ಹೊತ್ತಿಗೆ ಬಾಗಿಲು ಹಾಕಿದ್ದವು.

ಇಷ್ಟು ಬಂದರೆ ಮುಂದಿನದಕ್ಕೆ ನೀವೇ ಹೋಗಬಹುದು. ಮೂಲ ಬೇಕಾದರೆ ಯುರೋಪಿನ ಅಧಿಕೃತ ಗೆಜೆಟ್ ಮತ್ತು ಕಮಿಷನ್ನಿನ ಪತ್ರಿಕಾ ಪ್ರಕಟಣೆ ನೆಟ್‌ನಲ್ಲೇ ಪುಕ್ಕಟೆ ಸಿಗುತ್ತದೆ. ಚೀನಾದ ವಾಣಿಜ್ಯ ಸಚಿವಾಲಯವೂ ಇಂಗ್ಲಿಷ್‌ನಲ್ಲಿ ಹಾಕುತ್ತದೆ. ಒಂದೇ ದಿನದ ಎರಡೂ ಕಡೆಯ ಪ್ರಕಟಣೆ ಓದಿ, ಮೊದಲ ಪ್ಯಾರಾ ಬಿಟ್ಟುಬಿಡಿ, ಸಂಖ್ಯೆ ಮತ್ತು ಜಾರಿ ದಿನಾಂಕ ಇರುವ ಪ್ಯಾರಾಕ್ಕೆ ನೇರ ಹೋಗಿ.

ಕಳೆದ ತಿಂಗಳು ಅಳಿಯ ಒಂದು ಹೊಸ ಪುಟ ತೆರೆದ. ಮೇಲೆ "ಭಾರತ – ಯುರೋಪು" ಅಂತ ಬರೆದಿದ್ದ. 2007ರಲ್ಲಿ ಶುರು, 2013ರಲ್ಲಿ ನಿಂತಿತು, 2022ರಲ್ಲಿ ಮತ್ತೆ ಶುರು, 2026ರ ಜನವರಿ 27ರಂದು ದೆಹಲಿಯಲ್ಲಿ ಮಾತುಕತೆ ಮುಗಿಯಿತು ಅಂತ ಘೋಷಣೆ. ಸರಕಿನ ಮನೆಯಲ್ಲಿ ಮಾವಿನ ಪಲ್ಪ್ ಅಂತ ಇತ್ತು, ನೆದರ್ಲ್ಯಾಂಡ್ಸ್‌ನವರು ನಮ್ಮ ಪಲ್ಪ್ ಕೊಳ್ಳುತ್ತಾರೆ ಅಂತ ಎಲ್ಲೋ ಓದಿಕೊಂಡಿದ್ದ. ಯಾರಿಗೆ ಅನ್ನುವ ಮನೆಯಲ್ಲಿ ಮೊದಲು "ಚಿತ್ತೂರಿನ ಫ್ಯಾಕ್ಟರಿ" ಅಂತ ಬರೆದು, ಅದರ ಕೆಳಗೆ ಚಿಕ್ಕದಾಗಿ "ತಾತನ ತೋಟ" ಅಂತ ಸೇರಿಸಿದ್ದ. ಇಡೀ ಪುಟ ಪೆನ್ಸಿಲ್‌ನಲ್ಲಿತ್ತು.